ಕಾರಿನ ಕೆಳಗಿನ ಊರು

ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ದೇಶದ ಗಡಿಗಿಂತ ಪಾರ್ಕಿಂಗ್ ಗಡಿಗೇ ಬೆಲೆ ಜಾಸ್ತಿ. ಒಬ್ಬರು ಹೂಕುಂಡ ಇಡುತ್ತಾರೆ, ಇನ್ನೊಬ್ಬರು ಸೈಜುಗಲ್ಲು ಉರುಳಿಸುತ್ತಾರೆ, ಮತ್ತೊಬ್ಬರು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದಕ್ಕೊಂದು ಹಗ್ಗ ಕಟ್ಟುತ್ತಾರೆ. ಎದುರು ಮನೆಯವರಿಗೆ ಇದ್ಯಾವುದರ ತಾಪತ್ರಯವೂ ಇಲ್ಲ. ಅವರ ಕಾರು ನಮ್ಮ ಗೇಟಿನ ಬಲಗಡೆ, ಹೊಂಗೆಮರದ ನೆರಳಲ್ಲಿ, ಮೈತುಂಬ ಕವರ್ ಹೊದ್ದುಕೊಂಡು ವರ್ಷವಿಡೀ ಮಲಗಿರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡು ನಾನು ಬಹಳ ಕಾಲ ಸುಮ್ಮನಿದ್ದೆ. ಈಗ ಆ ಕಾರು ಕಣ್ಣಿಗೆ ಬಿದ್ದರೆ ಮೈ ಉರಿಯುತ್ತದೆ.

ಈ ಮನೆಯಲ್ಲಿ ಇರುವುದು ನಾನು, ಅಮ್ಮ. ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದರು. ಸೈಟು ತೊಗೊಂಡು, ಕೆಳಗೆ ನಮಗಾಗುವಷ್ಟು, ಮೇಲೆ ಬಾಡಿಗೆಗೆ ಒಂದು ರೂಮು ಅಡುಗೆಮನೆ ಕಟ್ಟಿಸಿ, ಅದರ ಸುಖ ಉಣ್ಣುವ ಮೊದಲೇ ಹೋದರು. ನಾನು ಮದುವೆ ಆಗಲಿಲ್ಲ. ಬ್ಯಾಂಕಿನ ಕೆಲಸ, ಅಮ್ಮನ ಸಕ್ಕರೆ ಕಾಯಿಲೆ, ಸಂಜೆ ಸೊಪ್ಪು ಬಿಡಿಸುವುದು, ಇಷ್ಟರಲ್ಲೇ ಐವತ್ತು ದಾಟಿದೆ. ದೇಶ, ರಾಷ್ಟ್ರ ಅಂತೆಲ್ಲ ಕೂತು ಯೋಚನೆ ಮಾಡಿದವಳಲ್ಲ. ನನಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಸ್ಕೂಲಿನಲ್ಲಿ ಗೋಡೆಗೆ ಒಂದು ಬಟ್ಟೆಯ ಭೂಪಟ ನೇತುಹಾಕಿದ್ದರು. ಮೇಷ್ಟ್ರ ಬೆತ್ತ ಹಿಮಾಲಯದಿಂದ ಹೊರಟು ನೆಟ್ಟಗೆ ಕನ್ಯಾಕುಮಾರಿಗೆ ಇಳಿಯುತ್ತಿತ್ತು. ಬಲಗಡೆ ಮೂಲೆಯ ಆ ಪುಟ್ಟ ರಾಜ್ಯಗಳು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬರುತ್ತಿದ್ದವು. ಏಳರ ಹೆಸರೂ ಬಾಯಿಪಾಠ ಮಾಡಿ, ಬರೆದು, ಅಂಕ ತೊಗೊಂಡು ಮರೆತೆವು. ಆಗಸ್ಟ್ ಹದಿನೈದಕ್ಕೆ ಬೂಂದಿ ಲಾಡು, ಎದೆಗೆ ಗುಂಡುಪಿನ್ನಿನಲ್ಲಿ ಚುಚ್ಚಿದ ಕಾಗದದ ಬಾವುಟ. ನನ್ನ ದೇಶಭಕ್ತಿಯ ಬಂಡವಾಳ ಅಷ್ಟೇ, ಮತ್ತು ಅದು ಸಾಕಾಗಿತ್ತು. ಯಾರೂ ನನ್ನನ್ನು ನಿಲ್ಲಿಸಿ ನೀನು ಯಾವ ದೇಶದವಳು ಅಂತ ಕೇಳಿರಲಿಲ್ಲ.

ಮೇಲಿನ ರೂಮಿಗೆ ಬಾಡಿಗೆಗೆ ಒಬ್ಬಳು ಹುಡುಗಿ ಬಂದಾಗ ಅಮ್ಮ ಎಲ್ಲರನ್ನೂ ಕೇಳುವ ಹಾಗೆ, "ಯಾವೂರಮ್ಮ ನಿಮ್ದು?" ಅಂದಳು. ಹುಡುಗಿ "ಅರುಣಾಚಲ" ಅಂದಳು. ಅಮ್ಮನಿಗೆ ಗೊತ್ತಿದ್ದ ಅರುಣಾಚಲ ಅಂದರೆ ತಿರುವಣ್ಣಾಮಲೈನ ಬೆಟ್ಟ ಒಂದೇ. ಕಾರ್ತಿಕದಲ್ಲಿ ಮಹಿಳಾ ಸಮಾಜದವರ ಜೊತೆ ಬಸ್ಸಿನಲ್ಲಿ ಹೋಗಿ ಸುತ್ತು ಹಾಕಿ ಬಂದಿದ್ದಳು. ಹುಡುಗಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಅದಲ್ಲಮ್ಮ, ಮೇಲ್ಗಡೆ ಚೀನಾ ಹತ್ತಿರ ಇರೋ ರಾಜ್ಯ ಅಂದೆ. ಹುಡುಗಿ ನಗುತ್ತಲೇ ನನ್ನನ್ನು ತಿದ್ದಿದಳು. ಹಿಂದಿಯಲ್ಲಿ ಅವಳು ಹೇಳಿದ್ದು ಇಷ್ಟು: ದೀದಿ, ನಮ್ಮೂರಿನವರು ಚೀನಾ ಹತ್ತಿರ ಅನ್ನಲ್ಲ, ಇಂಡಿಯಾದಲ್ಲಿ ಮೊದಲು ಬೆಳಗಾಗೋ ಜಾಗ ಅಂತೀವಿ.

ನರ್ಸಿಂಗ್ ಓದಿ ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದಳು. ನಮ್ಮ ಮನೆಗೆ ಬಂದ ವಾರದಲ್ಲೇ ಅಮ್ಮನ ಇನ್ಸುಲಿನ್ ಚುಚ್ಚುವ ಕೆಲಸ ನನ್ನ ಕೈ ತಪ್ಪಿ ಅವಳ ಕೈಗೆ ಹೋಯಿತು. ನಾನು ಚುಚ್ಚಿದರೆ ಅಮ್ಮ ಊರು ಕೇಳುವ ಹಾಗೆ ಕೂಗುತ್ತಿದ್ದಳು. ಅವಳು ಮಾತಾಡಿಸುತ್ತಾ ಮಾತಾಡಿಸುತ್ತಾ ಯಾವಾಗ ಚುಚ್ಚಿದಳೋ ತಿಳಿಯುತ್ತಿರಲಿಲ್ಲ. ಆ ಮಾತುಗಳಲ್ಲೇ ಕನ್ನಡ ಕಲಿತಳು. "ಆಂಟಿ, ಸುಮ್ನೆ ಕೂತ್ಕೊಳಿ, ನಾಟಕ ಆಡ್ಬೇಡಿ" ಅನ್ನುವ ಮಟ್ಟಕ್ಕೆ ಬಂದಾಗ ಅಮ್ಮನಿಗೆ ಆದ ಸಂತೋಷ ನಾನು ಎಂ.ಕಾಂ ಪಾಸು ಮಾಡಿದಾಗಲೂ ಆಗಿರಲಿಲ್ಲ. ಊರಿನಿಂದ ಬಂದ, ಹುಳಿ ಬರಿಸಿದ ಕಳಲೆಯನ್ನು ಅವಳು ಬೇಯಿಸಿದ ದಿನ ಅಮ್ಮ ಮೂಗು ಮುಚ್ಚಿಕೊಂಡು ಬೈದಳು, ಆಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು, ಉಪ್ಪು ಕಮ್ಮಿ ಅಂದಳು. ತರಕಾರಿ ಗಾಡಿಯವನಿಗೆ, ದೇವಸ್ಥಾನದ ಅರ್ಚಕರಿಗೆ, ಕೇಳಿದವರಿಗೆ, ಕೇಳದವರಿಗೆ, "ನಮ್ಮನೆ ಹುಡುಗಿ" ಅಂತಲೇ ಹೇಳುತ್ತಿದ್ದಳು.

ಬೀದಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಬೇಕರಿ ಹತ್ತಿರ ನಿಂತ ಹುಡುಗರು, "ಮಗಾ, ಚೀನಾ ಐಟಂ ನೋಡೋ" ಅನ್ನುತ್ತಿದ್ದರು. ಆಟೋದವನು ನೇಪಾಳವಾ ಅನ್ನುತ್ತಿದ್ದ. ಒಮ್ಮೆ ನನ್ನೆದುರಿಗೇ ಹಾಲಿನ ಅಂಗಡಿಯಲ್ಲಿ ಒಬ್ಬ ಹೆಂಗಸು ನಿಧಾನವಾಗಿ, ದೊಡ್ಡ ದನಿಯಲ್ಲಿ, ಕಿವುಡರಿಗೆ ಹೇಳುವ ಹಾಗೆ, "ಯೂ... ಲೈಕ್... ಇಂಡಿಯಾ?" ಅಂತ ಕೇಳಿದಳು. ನಮ್ಮ ಹುಡುಗಿ, "ಲೈಕ್ ಆಂಟಿ, ಇಲ್ಲೇ ಹುಟ್ಟಿದ್ದು" ಅಂದಳು. ನನಗೆ ಜಗಳಕ್ಕೆ ನಿಲ್ಲುವಷ್ಟು ಸಿಟ್ಟು ಬಂದಿತ್ತು. ಅವಳು ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಅವಳ ಮೊಬೈಲಿಗೆ ಹಾಕಿದ್ದ ಪಾರದರ್ಶಕ ಕವರಿನ ಹಿಂದೆ ಆಧಾರ್ ಕಾರ್ಡು ಸದಾ ಕಾಣುತ್ತಿತ್ತು. ಬೇರೆ ಹುಡುಗಿಯರು ಅಲ್ಲಿ ದೇವರ ಪಟವನ್ನೋ ಒಣಗಿದ ಹೂವನ್ನೋ ಇಟ್ಟುಕೊಳ್ಳುತ್ತಾರೆ.

ಅವಳ ಅಪ್ಪ ಗಡಿಯ ಚೌಕಿಗಳಿಗೆ ಸೈನ್ಯದ ಸಾಮಾನು ಹೊರುವ ಕೂಲಿ ಮಾಡಿದವರು. ರಸ್ತೆ ಇಲ್ಲದ ಕಡೆ ಅಕ್ಕಿ, ಸೀಮೆಎಣ್ಣೆ ಬೆನ್ನಿನ ಮೇಲೆ ಹೊತ್ತು ಹತ್ತಿದವರು. ನಾವು ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳುವ ಹಾಗೆ ಅವರೂರಿನಲ್ಲಿ ಜೈ ಹಿಂದ್ ಅನ್ನುತ್ತಾರಂತೆ, ಮಕ್ಕಳು ಮುದುಕರು ಎಲ್ಲರೂ. ಅಮ್ಮನಿಗೆ ಅದು ನಂಬಲಿಕ್ಕೇ ಆಗಲಿಲ್ಲ. "ದಿನಾ ಅಂತೀರಾ? ಹಬ್ಬ ಇಲ್ದೇನೇ?" ಅಂತ ಕೇಳಿದಳು.

ಎದುರು ಮನೆಯ ಕಾರಿನ ಯಜಮಾನರೇ ನಮ್ಮ ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಹೋದ ವರ್ಷ ಆಗಸ್ಟ್ ಹದಿನಾಲ್ಕರ ಸಂಜೆ ಬಂದು, "ಅಮ್ಮಾ, ಈ ಸಲ ನಿಮ್ಮ ಗೇಟ್ ಮುಂದೆ ರಂಗೋಲೀಲಿ ಭಾರತದ ಮ್ಯಾಪ್ ಬರ್ಬೇಕು. ಚೀಫ್ ಗೆಸ್ಟು ಇದೇ ದಾರೀಲಿ ನಡ್ಕೊಂಡು ಬರ್ತಾರೆ" ಅಂದರು. ರಂಗೋಲಿ ಅಂದರೆ ನಮ್ಮ ಅಮ್ಮ. ಮದುವೆಮನೆಗೂ ಕರೆಯುತ್ತಿದ್ದರು. ಅಮ್ಮ ಉಬ್ಬಿಹೋದಳು, ಆದರೆ ಜಾಗ ಅಳೆದು ನೋಡಿ, "ಒಂದ್ ದಿವ್ಸ ಕಾರು ಆ ಕಡೆ ಹಾಕಪ್ಪ" ಅಂತ ಕೇಳಿದಳು. ಅವರು, "ತೆಗುದ್ರೆ ಇನ್ಯಾರೋ ಬಂದು ಹಾಕ್ಬಿಡ್ತಾರೆ ಅಮ್ಮ, ಆಮೇಲೆ ಯಾರು ಜಗಳ ಆಡೋದು? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅಂದು ಹೋದರು.

ಅಮ್ಮ ಅಡ್ಜಸ್ಟ್ ಮಾಡಿಕೊಂಡಳು. ಏಳನೇ ಕ್ಲಾಸು ಓದಿದವಳು, ಜನ್ಮದಲ್ಲಿ ಭೂಪಟ ಬರೆದವಳಲ್ಲ. ಅವಳಿಗೆ ಗೊತ್ತಿದ್ದ ಭಾರತ ಟಿವಿಯ ಹವಾಮಾನ ವರದಿಯದ್ದು, ಅದರಲ್ಲೂ ವರದಿ ಹೇಳುವ ಹುಡುಗಿ ಯಾವಾಗಲೂ ಬಲಗಡೆಯೇ ನಿಂತಿರುತ್ತಾಳೆ. ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ರಸ್ತೆ ತೊಳೆದು, ಕೆಮ್ಮಣ್ಣು ಸಾರಿಸಿ, ಚುಕ್ಕಿ ಇಟ್ಟಾಗಿತ್ತು. ಮೊದಲು ತಲೆ. ಕಾಶ್ಮೀರದಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು ಅಂತ ನನ್ನ ಮೊಬೈಲಿನಲ್ಲಿ ಅದೊಂದರ ಚಿತ್ರ ತೆಗೆಸಿ ನೋಡಿ ನೋಡಿ ಎಳೆದಳು. "ಅದಕ್ಕೇ ಕಣೇ ಜನ ಹೊಡೆದಾಡೋದು" ಅಂದಳು. ಎಡಗಡೆ ಗುಜರಾತಿನ ಮೂತಿ ಚೆನ್ನಾಗಿ ಬಂತು. ಕೆಳಗೆ ನಮ್ಮ ಕರ್ನಾಟಕಕ್ಕೆ ಅರಿಶಿನ ಕುಂಕುಮದ ಬಣ್ಣ. ಕನ್ಯಾಕುಮಾರಿಯ ಕೆಳಗೆ ಹನಿ ಬಿಟ್ಟ ಹಾಗೆ ಶ್ರೀಲಂಕೆಯನ್ನೂ ಬಿಡಲಿಲ್ಲ. ಬಲಗಡೆ ಬಂಗಾಳದವರೆಗೆ ಎಳೆದ ಗೆರೆ ಕಾರಿನ ಚಕ್ರಕ್ಕೆ ಮುಟ್ಟಿತು. ಅಮ್ಮ ಅಲ್ಲೇ ಗೆರೆ ತಿರುಗಿಸಿ ಕೂಡಿಸಿಬಿಟ್ಟಳು. ನಾನು ಪಕ್ಕದಲ್ಲೇ ಬಣ್ಣದ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಕಣ್ಣಿಗೂ ಅದು ಪೂರ್ತಿ ಭಾರತದ ಹಾಗೇ ಕಂಡಿತು.

ಬೀದಿಗೆ ಬೀದಿಯೇ ಬಂದು ನೋಡಿತು. ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಸೂಪರ್ ಆಂಟಿ, ಜೈ ಹಿಂದ್, ಕೈಮುಗಿದ ಚಿತ್ರಗಳು, ಬಾವುಟಗಳು ಸಾಲುಸಾಲಾಗಿ ಬಂದು ಬಿದ್ದವು. ದೇಶಕ್ಕಾಗಿ ಪ್ರಾಣ ಕೊಡುತ್ತೇನೆ ಅಂತ ಆ ಗುಂಪಿನಲ್ಲಿ ದಿನ ಬೆಳಗಾದರೆ ಬರೆಯುವವರಿದ್ದಾರೆ. ಅವರಲ್ಲಿ ಒಬ್ಬರಿಗೂ ದೇಶದ ಒಂದು ಮೂಲೆಯೇ ಇಲ್ಲ ಅಂತ ಹೊಳೆಯಲಿಲ್ಲ. ಕಾಶ್ಮೀರದ ತುದಿ ಒಂದು ಬೆರಳು ಮೊಂಡಾಗಿದ್ದರೆ ನಮ್ಮ ಮನೆಯ ಗತಿ ಏನಾಗುತ್ತಿತ್ತೋ.

ಆಮೇಲೆ ಅವಳು ಮೇಲಿನಿಂದ ಇಳಿದು ಬಂದಳು. ಬಾವುಟ ಹಾರಿಸುವುದಕ್ಕೆ ನಿಮ್ಮ ಕಡೆ ಬಟ್ಟೆ ಹಾಕ್ಕೊಂಡು ಬಾ ಅಂತ ಅಮ್ಮನೇ ಹೇಳಿದ್ದಳು. ಕಪ್ಪು ಕೆಂಪು ಗೆರೆಯ ಕೈಮಗ್ಗದ ಲಂಗ, ಕತ್ತು ತುಂಬ ನೀಲಿ ಮಣಿಸರ. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಅದನ್ನು ಉಟ್ಟಿದ್ದಳು. ರಂಗೋಲಿಯ ಸುತ್ತ ಒಂದು ಸುತ್ತು ಬಂದಳು. ಬಂಗಾಳದ ಹತ್ತಿರ ನಿಂತಳು. ಕಾರಿನ ಕವರನ್ನು ನೋಡಿದಳು. "ಆಂಟಿ, ನಮ್ಮೂರೆಲ್ಲಿ? ಕಾರ್ ಕೆಳಗಾ?" ಅಂದಳು.

ನಗುತ್ತಲೇ ಕೇಳಿದ್ದು. ಅಮ್ಮನೂ ನಕ್ಕಳು. ನಗು ಬಾಯಲ್ಲಿ ಇರುವಾಗಲೇ ಅವಳಿಗೆ ಅರ್ಥವಾಯಿತು. ನನ್ನ ಕೈಯಿಂದ ಬಿಳಿ ಪುಡಿಯ ಡಬ್ಬ ಕಿತ್ತುಕೊಂಡು ಅಲ್ಲೇ ನೆಲಕ್ಕೆ ಮಂಡಿ ಊರಿದಳು. ಮಂಡಿ ನೋವಿಗೆ ರಂಗೋಲಿಯನ್ನೂ ನಿಂತು ಬಗ್ಗಿಯೇ ಹಾಕುವ, ದೇವರ ಮುಂದೆಯೂ ಕುರ್ಚಿ ಹಾಕಿಕೊಂಡು ಕೂರುವ ಹೆಂಗಸು. ಒಂದು ಕೈ ಊರಿ, ಇನ್ನೊಂದು ಕೈಯನ್ನು ಕಾರಿನ ಕೆಳಗೆ ತೂರಿಸಿ ಗೆರೆ ಎಳೆಯಲು ನೋಡಿದಳು. ಕೈ ಎಟುಕಲಿಲ್ಲ. ಸೆರಗು ಎಣ್ಣೆ ಮಸಿಗೆ ತಾಗಿತು. ಪುಡಿ ಚೆಲ್ಲಿತು. ಸುತ್ತ ನಿಂತವರಿಗೆ ಈ ಮುದುಕಿ ಏನು ಮಾಡುತ್ತಿದ್ದಾಳೆ ಅಂತಲೇ ತಿಳಿಯಲಿಲ್ಲ. ನಾನು ಕಾರ್ಯದರ್ಶಿಗಳ ಹತ್ತಿರ ಹೋಗಿ, ಸಾರ್ ಒಂದು ನಿಮಿಷ ಕಾರು ತೆಗೀರಿ ಅಂದೆ. ಅವರು ಮೈಕು ಸರಿ ಮಾಡುತ್ತಾ, "ಗೆಸ್ಟ್ ಬಂದಾಯ್ತು ಮೇಡಂ, ಈಗೆಲ್ಲಿ?" ಅಂದರು. ಹುಡುಗಿ ಅಮ್ಮನ ಎರಡೂ ತೋಳು ಹಿಡಿದು ಎಬ್ಬಿಸಿದಳು. "ಬಿಡಿ ಆಂಟಿ, ಸೊಂಟ ಹಿಡ್ಕೊಳ್ಳುತ್ತೆ. ರಂಗೋಲಿ ತಾನೆ, ಸಂಜೆಗೆ ಹೋಗುತ್ತೆ."

ಬಾವುಟ ಏರಿತು. ಕಾರ್ಯದರ್ಶಿಗಳು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಾವೆಲ್ಲ ಒಂದು ಅಂತ ಭಾಷಣ ಮಾಡಿದರು. ಹುಟ್ಟಿದಾಗಿನಿಂದ ಕೇಳಿದ ಮಾತು. ಅದು ಬರೀ ಮೇಲಿನಿಂದ ಕೆಳಕ್ಕೆ ಎಳೆದ ಗೆರೆ ಅಂತ ನನಗೆ ತಿಳಿದದ್ದು ಅವತ್ತು. ನಮ್ಮ ಹುಡುಗಿ ರಾಷ್ಟ್ರಗೀತೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಅಮ್ಮ ಪಕ್ಕದಲ್ಲಿ ಬಿಳಿ ಪುಡಿಯ ಕೈಯಲ್ಲೇ ನಿಂತಿದ್ದಳು.

ಹುಡುಗಿ ಅದನ್ನು ನಿಜವಾಗಿಯೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಇದು ನನ್ನ ನಂಬಿಕೆ. ಮಧ್ಯಾಹ್ನ ಗಸಗಸೆ ಪಾಯಸ ಎರಡು ಲೋಟ ಕುಡಿದಳು. ಅಮ್ಮ ಮುಂದಿನ ವಾರ ಪೂರ್ತಿ ತನ್ನನ್ನು ತಾನೇ ಬೈದುಕೊಂಡಾಗ, "ಆಂಟಿ, ನಮ್ಮ ಸ್ಕೂಲಲ್ಲಿ ನಾವು ಬರೀವಾಗ ನಿಮ್ಮ ಬೆಂಗಳೂರ್ ಎಲ್ಲೆಲ್ಲೋ ಹಾಕ್ತಿದ್ವಿ" ಅಂತ ರೇಗಿಸಿ ನಗಿಸಿದಳು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಪಕ್ಕದ ಕ್ರಾಸಿನಲ್ಲಿ ಒಂದು ಮನೆಯಲ್ಲಿ ಕಳವಾಯಿತು. ಬಾಡಿಗೆಗೆ ಇರುವವರನ್ನೆಲ್ಲ ವಿಚಾರಿಸಿಕೊಂಡು ಹೋಗಲು ಒಬ್ಬ ಕಾನ್‌ಸ್ಟೇಬಲ್ ಸಂಜೆ ಬಂದರು. ಮರ್ಯಾದಸ್ಥ ಮನುಷ್ಯ, ಚಪ್ಪಡಿ ಮೇಲೆ ನಿಂತೇ ಮಾತಾಡಿದರು. "ಅಮ್ಮ, ಮೇಲ್ಗಡೆ ಯಾರೋ ಫಾರಿನ್‌ನೋರು ಇದಾರಂತಲ್ಲ, ಬೀದಿಯೋರು ಹೇಳಿದ್ರು" ಅಂದರು. ಯಾರು ಹೇಳಿದ್ದು ಅಂತ ಅವರು ಹೇಳಲಿಲ್ಲ. ಬೀದಿಯವರು ಅಂದರೆ ಸೂಪರ್ ಆಂಟಿ ಅಂತ ಬರೆದವರೇ ತಾನೆ.

ಪೊಲೀಸ್ ಅಂದರೆ ಅಮ್ಮನಿಗೆ ಮೊದಲಿನಿಂದ ಹೆದರಿಕೆ. ಅಪ್ಪನ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಅಪ್ಪನನ್ನೂ ಇತರರನ್ನೂ ಎತ್ತಿಕೊಂಡು ಹೋಗಿದ್ದರು. ನನ್ನನ್ನು ಸೊಂಟದ ಮೇಲಿಟ್ಟುಕೊಂಡು, ಊಟದ ಕ್ಯಾರಿಯರ್ ಹಿಡಿದು, ಸ್ಟೇಷನ್ ಹೊರಗೆ ನಿಂತ ಆ ದಿನದ ಭಯ ಅವಳ ಮೈಯಿಂದ ಇನ್ನೂ ಇಳಿದಿಲ್ಲ. ಖಾಕಿ ಕಂಡರೆ ಅವಳ ಬಾಯಲ್ಲಿ ಏನು ಬರುತ್ತದೆ ಅಂತ ಅವಳಿಗೇ ಗೊತ್ತಿರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಹುಡುಗಿ ಇನ್ಸುಲಿನ್ ಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಕಾನ್‌ಸ್ಟೇಬಲ್ ಅವಳನ್ನು ನೋಡಿ ಅಮ್ಮನನ್ನು ಕೇಳಿದರು, "ಇವರು ನಿಮಗೇನಾಗ್ಬೇಕು?"

"ನಮಗೇನೂ ಆಗ್ಬೇಕಿಲ್ಲ ಸಾರ್. ಬಾಡಿಗೆಗೆ ಇರೋರು ಅಷ್ಟೆ" ಅಂದಳು ಅಮ್ಮ.

ಹುಡುಗಿ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತಳು. ಆಮೇಲೆ ಇಳಿದು ಬಂದು, ಮೊಬೈಲನ್ನು ತಿರುಗಿಸಿ ಹಿಂಬದಿಯ ಕಾರ್ಡು ತೋರಿಸಿದಳು. ಅವರು ನೋಡಿ, "ಓ, ಇಂಡಿಯಾನೇ. ಸಾರಿ ಸಿಸ್ಟರ್, ರೊಟೀನು" ಅಂದು ಹೋದರು. ಅವಳು ಒಳಗೆ ಬಂದು ಕೈ ತೊಳೆದು ಅಮ್ಮನಿಗೆ ಇಂಜೆಕ್ಷನ್ ಕೊಟ್ಟಳು. ಯಾವತ್ತಿನ ಹಾಗೆ ನೋವಾಗದ ಹಾಗೆಯೇ ಕೊಟ್ಟಳು. ಮಾತು ಮಾತ್ರ ಆಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಅಮ್ಮ ಮಾರನೇ ದಿನ ಅತ್ತು ಹೇಳಿದಳು, ಹೆದರಿಕೆಗೆ ಅಂದೆ ಕಣಮ್ಮ, ಮನಸ್ಸಿನಿಂದ ಅಂದಿದ್ದಲ್ಲ ಅಂತ. ಹುಡುಗಿ ಅಮ್ಮನ ಕೆನ್ನೆ ಒರೆಸಿ, "ಗೊತ್ತು ಆಂಟಿ. ನೀವು ಹೇಳಿದ್ದು ಸರೀನೇ ಅಲ್ವಾ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಬೇಕರಿ ಹುಡುಗರನ್ನು, ಹಾಲಿನಂಗಡಿ ಹೆಂಗಸನ್ನು ಅವಳು ನಕ್ಕು ದಾಟಿಬಿಡುತ್ತಿದ್ದಳು, ಯಾಕೆಂದರೆ ಸಂಜೆ ಬಂದು ಸೇರಲು ಒಂದು ಮನೆ ಇತ್ತು. ಅಷ್ಟು ದೊಡ್ಡ ದೇಶದಲ್ಲಿ ಅವಳನ್ನು ನಮ್ಮವಳು ಅನ್ನುವ ಒಂದು ಬಾಯಿ ಇತ್ತು. ಅದೂ ಖಾಕಿ ಕಂಡು ತಿರುಗಿಕೊಂಡಿತು. ನನ್ನ ಅಮ್ಮ ಕೆಟ್ಟವಳಲ್ಲ. ಅದಕ್ಕೇ ನನಗೆ ಇಷ್ಟು ಸಂಕಟ.

ಆ ತಿಂಗಳ ಕೊನೆಗೆ, ಊರ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಅಪ್ಪನಿಗೆ ವಯಸ್ಸಾಯಿತು ಅಂದಳು. ಎರಡೂ ನಿಜವೇ ಇರಬಹುದು. ಹೋಗುವ ಮೊದಲು ನನ್ನನ್ನು ಕೂರಿಸಿಕೊಂಡು ಅಮ್ಮನಿಗೆ ನೋವಾಗದ ಹಾಗೆ ಸೂಜಿ ಹಾಕುವುದು ಕಲಿಸಿದಳು. ಅಮ್ಮ ಅರಿಶಿನ ಕುಂಕುಮ, ರವಿಕೆ ಬಟ್ಟೆ, ತೆಂಗಿನಕಾಯಿ ಕೊಟ್ಟಳು. ಹೆಣ್ಣುಮಕ್ಕಳನ್ನು ಕಳಿಸುವ ಹಾಗೇ ಕಳಿಸಿದಳು. ಅವಳು ಬಗ್ಗಿ ಅಮ್ಮನ ಕಾಲು ಮುಟ್ಟಿದಳು. ಟ್ಯಾಕ್ಸಿಯವನು ಅವಳ ಮುಖ ನೋಡಿ ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ.

ಸಂಕ್ರಾಂತಿ ಆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು. ನಾನು ಸ್ಪೀಕರ್ ಹಾಕಿ ಅಮ್ಮನ ಮುಂದೆ ಇಟ್ಟೆ. ಚಳಿ ಜಾಸ್ತಿ ಆಂಟಿ, ಒಲೆ ಮುಂದೆ ಕೂತಿದೀನಿ ಅಂದಳು. ಸಕ್ಕರೆ ಎಷ್ಟಿದೆ, ಕಾಲು ಊತ ಇಳೀತಾ ಅಂತ ಕೇಳಿದಳು. ಅಮ್ಮ ಎಲ್ಲಕ್ಕೂ ಹೂಂ ಹೂಂ ಅಂದಳು. ಹಿಂದೆ ಒಬ್ಬ ಗಂಡಸಿನ ದನಿ ಕೇಳಿಸಿತು. "ನಮ್ಮಪ್ಪ" ಅಂದಳು ಅವಳು. "ಅವರು ಕೇಳ್ತಿದಾರೆ ಆಂಟಿ, ಬೆಂಗಳೂರಲ್ಲಿ ಅಷ್ಟು ದಿನ ನಿನ್ನ ಇಟ್ಕೊಂಡಿದ್ರಲ್ಲ, ಅವರು ನಿನಗೇನಾಗ್ಬೇಕು ಅಂತ. ಏನ್ ಹೇಳ್ಲಿ?"

ಅಣಕ ಇರಲಿಲ್ಲ ಆ ಪ್ರಶ್ನೆಯಲ್ಲಿ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ಹೇಳಮ್ಮ ಅಂತ ಕಣ್ಣಿನಲ್ಲೇ ಬೇಡಿಕೊಂಡೆ.

"ಮನೆ ಓನರ್ ಅಂತ ಹೇಳಮ್ಮ" ಅಂದಳು.

ಆ ಕಡೆ ಅವಳು ತನ್ನ ಅಪ್ಪನಿಗೆ ಅವರ ಭಾಷೆಯಲ್ಲಿ ಏನೋ ಹೇಳತೊಡಗಿದಳು. ಮನೆ ಓನರ್ ಅನ್ನುವುದಕ್ಕೆ ಅಷ್ಟು ಮಾತು ಬೇಕಾಗಿರಲಿಲ್ಲ. ನಿಧಾನವಾಗಿ, ನಡುನಡುವೆ ತಡೆದು, ಬಹಳ ಹೊತ್ತು ಹೇಳಿದಳು. ಅಪ್ಪ ಒಂದೆರಡು ಸಲ ಏನೋ ಕೇಳಿದರು. ಅಮ್ಮ ಫೋನಿನ ಮೇಲೆ ಬಗ್ಗಿ ಕೇಳುತ್ತಿದ್ದಳು. ನಮ್ಮ ಸಾರು, ನಮ್ಮ ಬೈಗುಳ, ನಮ್ಮ ಹಬ್ಬ ಎಲ್ಲ ಕಲಿತು ಹೋದಳು ಅವಳು. ಅವಳ ಭಾಷೆಯ ಒಂದೇ ಒಂದು ಮಾತನ್ನು ನಾವಿಬ್ಬರೂ ಕೇಳಿ ಕಲಿತಿರಲಿಲ್ಲ.

"ಏನಂದ್ಳೇ?" ಅಂತ ಅಮ್ಮ ನನ್ನನ್ನು ಕೇಳಿದಳು. "ನನ್ನ ಬಗ್ಗೆ ಏನಂದ್ಳೇ ಅವಳು?"

ನನಗೆ ಗೊತ್ತಾಗಲಿಲ್ಲ ಅಮ್ಮ ಅಂದೆ.